ಸುಮ್ಮನಿರುವ ಮಕ್ಕಳನ್ನು ರಿಪೇರಿ ಮಾಡಲು ಹೋಗಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಮ್ಮೂರಿನ ಲೈಟು ಕಂಬಗಳ ಮೇಲೆಲ್ಲ ವ್ಯಕ್ತಿತ್ವ ವಿಕಸನ ಶಿಬಿರದ ಬೋರ್ಡು. ನಿಮ್ಮ ಮಗು ಯಾರ ಜೊತೆಗೂ ಬೆರೆಯುವುದಿಲ್ಲವೇ, ನಮ್ಮಲ್ಲಿಗೆ ಕಳಿಸಿ ಅಂತ. ಅಪ್ಪ ಅಮ್ಮಂದಿರು ಸಾವಿರಗಟ್ಟಲೆ ಕೊಟ್ಟು ಕಳಿಸುತ್ತಾರೆ. ಮಾತು ಕಡಿಮೆ ಅನ್ನುವುದು ಯಾವಾಗ ಕಾಯಿಲೆಯಾಯಿತು? ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು, ಹಾಗಾಗಿ ಮೈದಾನದ ಕಡೆಯಿಂದ ಒಂದು ಮಾತು ಹೇಳಬೇಕು.

ದೊಡ್ಡ ಮಟ್ಟದ ಆಟಕ್ಕೆ ಬೇಕಾದ ಎಷ್ಟೋ ಗುಣಗಳು ಈ ಮಕ್ಕಳಲ್ಲಿ ಮೊದಲೇ ಇರುತ್ತವೆ. ಒಬ್ಬರೇ ಇದ್ದರೂ ಇವರಿಗೆ ಬೇಜಾರಾಗುವುದಿಲ್ಲ. ಹೇಳಿಕೊಟ್ಟದ್ದನ್ನು, ಯಾರೂ ನೋಡದಿದ್ದರೂ, ಯಾರೂ ಚಪ್ಪಾಳೆ ತಟ್ಟದಿದ್ದರೂ, ಕತ್ತಲಾಗುವ ತನಕ ಮತ್ತೆ ಮತ್ತೆ ಮಾಡುತ್ತಾರೆ. ಟಿವಿಯಲ್ಲಿ ನಮಗೆ ಕಾಣುವುದು ಪಂದ್ಯ ಮಾತ್ರ. ಆಟಗಾರನ ಜೀವನದ ಬಹುಪಾಲು ಹೋಗುವುದು ಈ ಒಂಟಿ ಅಭ್ಯಾಸದಲ್ಲೇ ಅಲ್ವಾ?

ನಮ್ಮ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. ಟೆಸ್ಟ್ ಕ್ರಿಕೆಟ್‌ನಲ್ಲಿ ಅವರು ಎದುರಿಸಿದ್ದು 31,258 ಎಸೆತ, ಅಷ್ಟನ್ನು ಬೇರೆ ಯಾರೂ ಎದುರಿಸಿಲ್ಲ. 2003ರ ಅಡಿಲೇಡ್ ಟೆಸ್ಟ್ ನೆನಪಿದೆಯೇ? ಆಸ್ಟ್ರೇಲಿಯಾ 556 ಹೊಡೆದಿತ್ತು, ನಮ್ಮದು 85ಕ್ಕೆ 4 ವಿಕೆಟ್ ಹೋಗಿತ್ತು. ಅಲ್ಲಿಂದ ಲಕ್ಷ್ಮಣ್ ಜೊತೆ 303 ರನ್ ಸೇರಿಸಿ ದ್ರಾವಿಡ್ 233 ಹೊಡೆದರು, ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 72 ಹೊಡೆದು ಗೆಲ್ಲಿಸಿಯೇ ಬಂದರು. ಎರಡೂ ಸೇರಿ 13 ಗಂಟೆಗೂ ಜಾಸ್ತಿ ಕ್ರೀಸಿನಲ್ಲಿದ್ದರು. ಎದುರಿನವರು ಕೆಣಕಿದರೂ ಜಗಳಕ್ಕೆ ಹೋಗುತ್ತಿದ್ದವರಲ್ಲ ಅವರು. ನನಗೆ ಅವರ ಹೊಡೆತಗಳಿಗಿಂತ ಇಷ್ಟವಾಗಿದ್ದು ಅವರು ಬಿಡುತ್ತಿದ್ದ ಚೆಂಡುಗಳು. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡಿಗೆ ಬ್ಯಾಟ್ ಎತ್ತಿ ಸುಮ್ನೆ ನಿಲ್ಲಬೇಕಾದರೆ ಕಣ್ಣು ಎಷ್ಟು ಚುರುಕಾಗಿರಬೇಕು, ಮನಸ್ಸು ಎಷ್ಟು ತಣ್ಣಗಿರಬೇಕು! ಮೊದಲು ನೋಡುವುದು, ಆಮೇಲೆ ಕೈ ಹಾಕುವುದು. ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಹುಡುಗಿ ದಿನವೂ ಮಾಡುವುದು ಇದನ್ನೇ.

ಶೂಟರ್ ಅಭಿನವ್ ಬಿಂದ್ರಾ ಅವರೂ ಮಾತು ಕಡಿಮೆಯವರೇ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರ ಬೀಜಿಂಗ್ ಫೈನಲ್‌ನಲ್ಲಿ ಕೊನೆಯ ಗುಂಡು ಬಾಕಿ ಇದ್ದಾಗ ಅವರೂ ಫಿನ್ಲೆಂಡಿನ ಶೂಟರ್ ಕೂಡ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಚಿನ್ನ ಅದು. ಆ ಹೊತ್ತಿನಲ್ಲಿ ಸುತ್ತಲಿನ ಗದ್ದಲವನ್ನು ಬದಿಗಿಟ್ಟು ತನ್ನೊಳಗೆ ತಾನು ಇರಲು ಬರುವುದಿದೆಯಲ್ಲ, ಅದೇ ಅಭ್ಯಾಸ ಇರುವ ಮಗುವನ್ನು ನಾವು ಮೂಡಿ ಅನ್ನುತ್ತೇವೆ.

ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಮದುವೆ ಇಲ್ಲದ ದಿನ ಬ್ಯಾಡ್ಮಿಂಟನ್ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು. ಅವರದ್ದೂ ಮೆಲುದನಿಯೇ.

ಜೋರು ಮಾತಿನ ಹುಡುಗರು ಆಟಗಾರರಾಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ಅವರೂ ಬೇಕು. ಹಾಗೆಯೇ ಹೆದರಿಕೆಯಿಂದ ಬಾಯಿ ಕಟ್ಟಿಹೋದ ಮಗುವಿಗೆ ಖಂಡಿತ ಸಹಾಯ ಬೇಕು. ಆದರೆ ಹೆದರಿಕೆ ಬೇರೆ, ಸ್ವಭಾವ ಬೇರೆ. ಮನೆಯಲ್ಲಿ ನೆಮ್ಮದಿಯಾಗಿದ್ದು, ಒಬ್ಬಿಬ್ಬರು ಗೆಳೆಯರ ಜೊತೆ ಚೆನ್ನಾಗಿದ್ದು, ತನಗಿಷ್ಟವಾದ ಕೆಲಸದಲ್ಲಿ ಮುಳುಗಿರುವ ಮಗುವಿಗೆ ಏನೂ ಆಗಿಲ್ಲ. ಅದನ್ನು ಸ್ಟೇಜ್ ಹತ್ತಿಸಿ ಕೂಗಿಸಿದರೆ ಇರುವ ಧೈರ್ಯವೂ ಹೋಗುತ್ತದೆ.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಗತಿ ಪತ್ರದಲ್ಲಿ 'ಮಾತು ಕಡಿಮೆ' ಅಂತ ತಪ್ಪಿನ ಹಾಗೆ ಬರೆಯಬೇಡಿ. ಆಟದ ಪೀರಿಯಡ್‌ನಲ್ಲಿ ಒಂದಷ್ಟು ಹೊತ್ತು ಅವರವರ ಪಾಡಿಗೆ ಅಭ್ಯಾಸ ಮಾಡಲು ಬಿಡಿ. ಈ ವರ್ಷದ ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುವಾಗ ಕೈ ಎತ್ತಿದವರದ್ದಷ್ಟೇ ಬರೆದುಕೊಂಡು ಮುಗಿಸಬೇಡಿ, ಎತ್ತದವರನ್ನೂ ಸ್ಟಾಪ್‌ವಾಚ್ ಹಿಡಿದು ಒಂದು ಸಲ ಓಡಿಸಿ ನೋಡಿ.

— ನಿವೃತ್ತ ದೈಹಿಕ ಶಿಕ್ಷಕ, ತಿಪಟೂರು