ನೋಟದ ಪದಗಳನ್ನು ಕಲಿಯುವ ತಂಗಿಗೆ

ಪ್ರೀತಿಯ ತಂಗಿ,

ಫಿನ್‌ಲೆಂಡಿನ ಪ್ರಕೃತಿ ಬರಹಗಳನ್ನು ಕನ್ನಡಕ್ಕೆ ತರಬೇಕೆಂದು ಫಿನ್ನಿಷ್ ಕಲಿಯುತ್ತಿದ್ದೀಯ. ತುಂಬ ಖುಷಿಯಾಯಿತು. ಆದರೆ ನಿನ್ನ ಪಟ್ಟಿಯಲ್ಲಿ ಮೂರು ಪದಗಳ ಮುಂದೆ ‘ನೋಟ’ ಎಂದೊಂದೇ ಅರ್ಥವಿದೆ. ಅಲ್ಲಿಂದಲೇ ತಿದ್ದೋಣ.

‘ಮೈಸೆಮ’ ಎಂದರೆ ನೆಲ, ನೀರು, ಕಾಡು ಸೇರಿ ಕಾಣುವ ಸೀಮೆಯ ರೂಪ. 1992ರಲ್ಲಿ ಫಿನ್‌ಲೆಂಡ್ ಆರಿಸಿಕೊಂಡ 27 ರಾಷ್ಟ್ರೀಯ ಭೂದೃಶ್ಯಗಳ ಹೆಸರಿನಲ್ಲಿರುವುದು ಇದೇ ಪದ. ‘ನ್ಯಾಕೊಆಲ’ ಎತ್ತರದಿಂದ, ಬಯಲಿನಿಂದ ದೂರಕ್ಕೆ ಹಾಯುವ ನೋಟ. 347 ಮೀಟರ್ ಎತ್ತರದ ಉಕ್ಕೊ-ಕೊಲಿ ಗುಡ್ಡದ ನೆತ್ತಿಯಿಂದ ಪಿಯೆಲಿನೆನ್ ಸರೋವರ ಕಾಣುತ್ತದಲ್ಲ, ಹಾಗೆ. ‘ನ್ಯಾಕ್ಯುಮ್ಯಾ’ ಕಣ್ಣೆದುರಿಗೆ ಕಂಡದ್ದು, ಹಿತ್ತಲಾದರೂ ಸರಿ. (ನ್ಯಾ, ಮ್ಯಾ, ಯ್ಯಾ ಎಂದು ಬರೆದರೂ ಇಲ್ಲಿ ಸ್ವರ ಹ್ರಸ್ವ.)

ನಿನ್ನ ಕನ್ನಡವೇ ಇಲ್ಲಿ ನೆರವಿಗೆ ಬರುತ್ತದೆ. ‘ಇಕ್ಕುನಸ್ತ ನ್ಯಾಕ್ಯೂ ಯ್ಯಾರ್ವಿ’: ಕಿಟಕಿಯಿಂದ ಸರೋವರ ಕಾಣುತ್ತದೆ. ‘ಇಕ್ಕುನ’ ಕಿಟಕಿ, ‘ಸ್ತ’ ನಮ್ಮ ‘ಇಂದ’. ನಮ್ಮ ‘ಕಾಣುತ್ತದೆ’ಯಂತೆಯೇ ಅಲ್ಲಿಯೂ ನೋಡುವವರನ್ನು ಹೇಳಬೇಕಿಲ್ಲ. ಎಡವುವುದು ‘ಸರೋವರದ ನೋಟ’ ಎನ್ನುವಲ್ಲಿ. ಅಲ್ಲಿ ‘ದ’ ಬರುವುದಿಲ್ಲ. ನೋಟ ಸರೋವರದತ್ತ ಹೋಗುತ್ತದೆ: ‘ನ್ಯಾಕೊಆಲ ಯ್ಯಾರ್ವೆಲ್ಲೆ’. ಇದನ್ನು ಇಡಿಯಾಗಿ ಬಾಯಿಪಾಠ ಮಾಡು.

ದಿನಕ್ಕೆ ನಾಲ್ಕೇ ಪದ ಸಾಕು. ಪ್ರತಿ ಚೀಟಿಯಲ್ಲೂ ಮೂಲರೂಪ, ಷಷ್ಠಿ ರೂಪ (ನಮ್ಮ ‘ಕೊಳದ’, ‘ದಡದ’ ಇದ್ದಂತೆ), ಒಂದು ಪೂರ್ತಿ ವಾಕ್ಯ ಇರಲಿ. ಷಷ್ಠಿ ಯಾಕೆ ಅಂದರೆ, ಎಷ್ಟೋ ಪದಗಳಲ್ಲಿ ನಡುವಿನ ವ್ಯಂಜನವೇ ಬದಲಾಗುತ್ತದೆ: ಲಂಪಿ (ಪುಟ್ಟ ಕೊಳ) – ಲಮ್ಮೆನ್, ರಂತ (ದಡ) – ರನ್ನನ್, ಲಹ್ತಿ (ಕೊಲ್ಲಿ) – ಲಹ್ದೆನ್. ಇದು ಗೊತ್ತಿಲ್ಲದೆ ‘ಲಮ್ಮೆಲ್ಲ’ವನ್ನು (ಕೊಳದ ಮೇಲೆ) ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒತ್ತಕ್ಷರ, ದೀರ್ಘ ನಮ್ಮ ಕಿವಿಗೆ ಹೊಸತಲ್ಲ. ಮುತ (ಕೆಸರು), ಮುತ್ತ (ಆದರೆ), ಮೂತ (ಬೇರೆ) ಬೇರೆಬೇರೆಯಾಗಿಯೇ ಕೇಳಿಸುತ್ತವೆ.

ಅನುವಾದದಲ್ಲಿ ಎಲ್ಲವನ್ನೂ ‘ಗುಡ್ಡ’ ಮಾಡಬೇಡ. ‘ವಾರ’ಕ್ಕೆ ನೆತ್ತಿಯವರೆಗೂ ಕಾಡು; ಲ್ಯಾಪ್‌ಲೆಂಡಿನ ‘ತುಂತುರಿ’ಯ ನೆತ್ತಿ ಬೋಳು. ಕಾಡುಗುಡ್ಡ, ಬೋಳುಗುಡ್ಡ ಎಂದರೂ ಆ ವ್ಯತ್ಯಾಸ ಉಳಿಯುತ್ತದೆ. ‘ಯ್ಯಾರ್ವಿ’ಯನ್ನು ಕೆರೆ ಎನ್ನಬೇಡ, ಕೆರೆ ಎಂದರೆ ನಮ್ಮವರಿಗೆ ಕಟ್ಟಿಸಿದ್ದು, ಏರಿ-ತೂಬು ಇರುವುದು. ‘ತೈವಾನ್‌ರಂತ’ ಅಕ್ಷರಶಃ ಆಕಾಶದ ದಡ. ದಿಗಂತಕ್ಕಿಂತ ‘ಬಾನಂಚು’ ಅದಕ್ಕೆ ಹತ್ತಿರ.

ಇನ್ನೊಂದು ಮಾತು. ‘ವಾರ’ಕ್ಕೆ ಅಪಾಯ ಎಂಬ ಅರ್ಥವೂ ಇದೆ. ‘ವಾರಲ್ಲ’ ಎಂದರೆ ಗುಡ್ಡದ ಮೇಲೆ, ‘ವಾರಸ್ಸ’ ಎಂದರೆ ಅಪಾಯದಲ್ಲಿ. ನಾಳೆಯ ಮೊದಲ ಎರಡು ಚೀಟಿ ಇವೇ ಆಗಲಿ.

ಪ್ರೀತಿಯಿಂದ,
ಅಣ್ಣ