ಉಸಿರು ಊದಿ ಹಚ್ಚಿದ ಬಂಗಾರ

ಲಂಡನ್
ನವೆಂಬರ್ 17

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ" ಅನ್ನುತ್ತಾಳೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ವಾರವಾರ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಅಂತ ನಿಮಗೆ ಅನ್ನಿಸಬಹುದು. ಈ ಸಲ ಹೇಳಬೇಕಾಗಿರುವುದು ಅಕ್ಷರದ ವಿಷಯ. ಅದನ್ನು ನಿಮಗೆ ಕೈಯಲ್ಲೇ ಬರೆದು ಕಳಿಸಬೇಕು ಅನ್ನಿಸಿತು.

ಎರಡು ತಿಂಗಳಿಂದ ಶನಿವಾರ ಬೆಳಿಗ್ಗೆ ಒಂದು ಕ್ಲಾಸಿಗೆ ಹೋಗುತ್ತಿದ್ದೇನೆ. ಅಚ್ಚು ಬರುವ ಮುಂಚೆ ಇಲ್ಲಿನವರು ಪುಸ್ತಕಗಳನ್ನು ಕೈಯಲ್ಲಿ ಬರೆಯುತ್ತಿದ್ದರು. ಅಧ್ಯಾಯದ ಮೊದಲ ಅಕ್ಷರವನ್ನು ಅಂಗೈ ಅಗಲ ಬರೆದು, ಬಣ್ಣ, ಬಂಗಾರ ಹಚ್ಚಿ, ಹಕ್ಕಿ, ಬಳ್ಳಿ ಎಲ್ಲ ಬಿಡಿಸುತ್ತಿದ್ದರು. ಕೆಲವು ಕಡೆ ಒಂದೇ ಅಕ್ಷರ ಇಡೀ ಪುಟ ತುಂಬುತ್ತದೆ. ಆ ಕೆಲಸ ಕಲಿಸುವ ಕ್ಲಾಸು ಇದು. ಮೊದಲ ದಿನವೇ ನೀವು ನೆನಪಾದಿರಿ. ಗದಗಿನ ಬಜಾರಿನಲ್ಲಿ ಏಣಿ ಹಾಕಿಕೊಂಡು ಬೋರ್ಡ್ ಬರೆಯುತ್ತಿದ್ದ ನೀವು, ಕೆಳಗೆ ಪೇಂಟಿನ ಡಬ್ಬಿ ಹಿಡಿದು ನಿಂತ ನಾನು.

ಇಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಅಂತ ಒಂದು ಪುಸ್ತಕ ಇದೆ. ಸುವಾರ್ತೆ ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗ. ಸುಮಾರು 1300 ವರ್ಷ ಹಳೆಯದು. ಇಂಗ್ಲೆಂಡಿನ ಉತ್ತರದಲ್ಲಿ ಲಿಂಡಿಸ್‌ಫಾರ್ನ್ ಅನ್ನೋ ಸಣ್ಣ ದ್ವೀಪ. ದಿನಕ್ಕೆ ಎರಡು ಸಲ ಅದರ ದಾರಿ ಸಮುದ್ರದಲ್ಲಿ ಮುಳುಗುತ್ತದೆ. ಅಲ್ಲಿನ ಮಠದಲ್ಲಿ ಈಡ್‌ಫ್ರಿತ್ ಅನ್ನುವವರು ಇದನ್ನು ಬರೆದರು ಅಂತ, ಸುಮಾರು 250 ವರ್ಷ ಆದಮೇಲೆ ಇನ್ನೊಬ್ಬ ಪಾದ್ರಿ ಅದೇ ಪುಸ್ತಕದ ಕೊನೆಗೆ ಬರೆದಿಟ್ಟಿದ್ದಾರೆ. ಈಡ್‌ಫ್ರಿತ್ 698ರಲ್ಲಿ ಬಿಷಪ್ ಆದವರು. ಬರೆದ ಕೈಯೂ ಬಣ್ಣ ಹಚ್ಚಿದ ಕೈಯೂ ಒಂದೇ. ಹಾಳೆಗಳೆಲ್ಲ ಕರುವಿನ ಚರ್ಮ. ಕೇಳಿದರೆ ಅಮ್ಮ ಮುಖ ಸಿಂಡರಿಸುತ್ತಾಳೆ, ಗೊತ್ತು. ಆದರೆ ಆ ಚರ್ಮ ಬೆಣ್ಣೆಯ ಹಾಗೆ ನುಣುಪು.

ನಾನು ಹೋದ ದಿನ ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಪುಟ ತೆರೆದಿತ್ತು. ನಾನು ಹೇಳಬೇಕು ಅಂದುಕೊಂಡ ಪುಟವನ್ನು ನಮ್ಮ ಟೀಚರ್ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದರು. ಲೂಕನ ಸುವಾರ್ತೆಯ ಮೊದಲ ಪುಟ. ಅಲ್ಲಿ 'ಕ್ಯೂ' ಅಕ್ಷರ ದೊಡ್ಡದಾಗಿ ಕೂತಿದೆ. ಅದರ ಹೊಟ್ಟೆಯೊಳಗೆ ಸುರುಳಿಗಳು, ಒಂದರ ಕುತ್ತಿಗೆ ಇನ್ನೊಂದು ಕಚ್ಚಿಕೊಂಡ ಹಕ್ಕಿಗಳು. ಅಕ್ಷರಗಳ ಸುತ್ತ ಕೆಂಪು ಚುಕ್ಕಿ, ಸಾಸಿವೆಗಿಂತ ಸಣ್ಣವು. ಆ ಒಂದೇ ಪುಟದಲ್ಲಿ ಸುಮಾರು 10,600 ಚುಕ್ಕಿ ಇವೆಯಂತೆ! ಬಲಗಡೆಯ ಅಂಚು ನೋಡುತ್ತಾ ಕೆಳಗೆ ಬಂದರೆ ಅಲ್ಲೊಂದು ಬೆಕ್ಕಿನ ತಲೆ. ಆ ಉದ್ದನೆಯ ಅಂಚೇ ಬೆಕ್ಕಿನ ಮೈ, ಅದರ ತುಂಬಾ ಹಕ್ಕಿಗಳು. ತಿಂದದ್ದು ಸಾಲದು ಅಂತ ಮುಂದಿನ ಹಕ್ಕಿಗಳ ಕಡೆ ಮೂತಿ ಚಾಚಿದೆ. ನಾನು ಹತ್ತು ನಿಮಿಷ ಆ ಬೆಕ್ಕನ್ನೇ ನೋಡುತ್ತಾ ಕೂತಿದ್ದೆ.

ಬಣ್ಣ ಏನು ಅಂತ ನೀವು ಕೇಳಿಯೇ ಕೇಳುತ್ತೀರಿ. ಹಳದಿ ಹರಿದಾಳದ್ದು. ಕೆಂಪು ನಮ್ಮ ಹನುಮಪ್ಪನಿಗೆ ಹಚ್ಚುವ ಸಿಂಧೂರ. ನೀಲಿಯನ್ನು ಅಫ್ಘಾನಿಸ್ತಾನದ ಕಲ್ಲಿನದ್ದು ಅಂತ ಬಹಳ ದಿನ ನಂಬಿದ್ದರಂತೆ. ಆಮೇಲೆ ಪರೀಕ್ಷೆ ಮಾಡಿದರೆ ಗಿಡದಿಂದ ತೆಗೆದ ನೀಲಿ. ಹಾಳೆಯ ಹಿಂದುಗಡೆ ಕೈವಾರದ ಮುಳ್ಳು ಚುಚ್ಚಿದ ಗುರುತು, ಎಳೆದ ಗೆರೆಗಳ ಗುರುತು ಇನ್ನೂ ಇವೆ. ನೀವು ದಾರಕ್ಕೆ ಸೀಮೆಸುಣ್ಣ ಕಟ್ಟಿ ಸುತ್ತು ಎಳೆಯುತ್ತಿದ್ದಿರಲ್ಲ, ಥೇಟ್ ಹಾಗೇ. ಅಷ್ಟು ದೊಡ್ಡ ಕೈಯೂ ಅಳತೆ ಹಾಕದೆ ಕೆಲಸ ಶುರು ಮಾಡಲಿಲ್ಲ ಅಂತ ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು.

ಆ ಪುಸ್ತಕದಲ್ಲಿ ಬಂಗಾರ ತೀರಾ ಕಡಿಮೆ. ಬಂಗಾರ ಜಾಸ್ತಿ ಬಳಸಿದ್ದು ಆಮೇಲಿನ ಕಾಲದವರು. ಅದನ್ನೇ ನಾವೀಗ ಕಲಿಯುತ್ತಿರುವುದು.

ಮೊದಲು ಬಂಗಾರ ಬರುವ ಜಾಗವನ್ನು ಉಬ್ಬಿಸಬೇಕು. ನೀರಿನಲ್ಲಿ ಚೆನ್ನಾಗಿ ನೆನೆಸಿದ ಪ್ಲಾಸ್ಟರ್, ಮೀನಿನ ಅಂಟು, ಚೂರು ಸಕ್ಕರೆ, ಚೂರು ಕೆಮ್ಮಣ್ಣು. ಹಿಂದೆ ಸೀಸದ ಬಿಳಿಯನ್ನೂ ಹಾಕುತ್ತಿದ್ದರು, ವಿಷ ಅಂತ ನಮ್ಮ ಕ್ಲಾಸಿನಲ್ಲಿ ಅದನ್ನು ಬಿಟ್ಟಿದ್ದಾರೆ. ಮೈಸೂರು ಚಿತ್ರಗಳಲ್ಲಿ ದೇವರ ಒಡವೆಗಳನ್ನು ಉಬ್ಬಿಸುತ್ತಾರಲ್ಲ, ಅದೇ ಜಾತಿಯ ಕೆಲಸ. ಈ ಮಿಶ್ರಣವನ್ನು ಗರಿಯ ಲೇಖನಿಯಲ್ಲಿ ಹನಿಹನಿಯಾಗಿ ಅಕ್ಷರದೊಳಗೆ ತುಂಬಿ ರಾತ್ರಿಯಿಡೀ ಒಣಗಲು ಬಿಡಬೇಕು. ಒಂದು ಗುಳ್ಳೆ ಉಳಿದರೂ ಕೆಟ್ಟಿತು. ಮರುದಿನ ಚಾಕುವಿನಿಂದ ಮೆಲ್ಲಗೆ ಕೆರೆದು ನುಣುಪು ಮಾಡಬೇಕು.

ಆಮೇಲೆ ಅಪ್ಪ, ಉಸಿರು. ಒಂದು ಸಣ್ಣ ಕೊಳವೆ ಬಾಯಲ್ಲಿಟ್ಟು ಅದರ ಮೇಲೆ ಬಿಸಿ ಉಸಿರು ಬಿಡಬೇಕು. ಚಳಿಗಾಲದಲ್ಲಿ ಕನ್ನಡಿ ಒರೆಸುವ ಮುಂಚೆ "ಹಾ" ಅನ್ನುತ್ತೇವಲ್ಲ, ಹಾಗೆ. ಒಳಗಿನ ಸಕ್ಕರೆ ಆ ತೇವ ಹೀರಿಕೊಂಡು ಅಂಟಾಗುತ್ತದೆ. ಆ ಅಂಟು ನಿಲ್ಲೋದು ಕೆಲವೇ ಕ್ಷಣ. ಅಷ್ಟರಲ್ಲಿ ಬಂಗಾರದ ಹಾಳೆ ಇಟ್ಟು, ಮೇಲೆ ನುಣುಪು ಕಾಗದ ಇಟ್ಟು ಬೆರಳಿನಿಂದ ಒತ್ತಬೇಕು. ಹಾಳೆ ಎಷ್ಟು ತೆಳು ಅಂದರೆ ಪಕ್ಕದಲ್ಲಿ ಯಾರಾದರೂ ನಡೆದರೂ ಮುದುಡಿಕೊಳ್ಳುತ್ತದೆ. ಮೊದಲ ಮೂರು ಸಲ ನನ್ನದು ಕಿತ್ತು ಬಂತು. ರೂಮಿನ ಹೀಟರಿಗೆ ಗಾಳಿ ಒಣಗಿ ಹೋಗಿತ್ತು. ನಾಲ್ಕನೇ ವಾರ ಹೊರಗೆ ಜಿಟಿಜಿಟಿ ಮಳೆ. ಟೀಚರ್ ಹೀಟರ್ ಆರಿಸಿ ಕಿಟಕಿ ತೆರೆದರು. ಅವತ್ತು ಹಿಡಿಯಿತು.

ಕೊನೆಗೆ ಅಗೇಟ್ ಕಲ್ಲಿನಿಂದ ಉಜ್ಜಬೇಕು. ಹಿಂದೆ ಇದಕ್ಕೆ ನಾಯಿಯ ಹಲ್ಲು ಬಳಸುತ್ತಿದ್ದರಂತೆ. ಉಜ್ಜುತ್ತಾ ಉಜ್ಜುತ್ತಾ ಮಬ್ಬಾಗಿದ್ದದ್ದು ಕನ್ನಡಿಯಾಗುತ್ತದೆ. ಉಬ್ಬಿರುವುದರಿಂದ ಪುಟ ಸ್ವಲ್ಪ ವಾಲಿಸಿದರೂ ಬೆಳಕು ಅಕ್ಷರದ ಮೇಲೆ ಹರಿದಾಡುತ್ತದೆ. ನನ್ನ ಕಿಟಕಿ, ಹೊರಗಿನ ಮರ ಎಲ್ಲಾ ಅದರೊಳಗೆ ಕಂಡವು.

ಬಣ್ಣ ಬರೋದು ಬಂಗಾರ ಆದಮೇಲೆ. ಮೊದಲೇ ಬಣ್ಣ ಹಚ್ಚಿದರೆ ಬಂಗಾರ ಅದಕ್ಕೂ ಅಂಟಿಕೊಳ್ಳುತ್ತದೆ, ಉಜ್ಜುವಾಗ ಬಣ್ಣವೂ ಹಾಳಾಗುತ್ತದೆ. ಎಲ್ಲಾ ಮುಗಿದ ಮೇಲೆ ಸುತ್ತ ಕಪ್ಪು ಗೆರೆ. ಆ ಗೆರೆ ಎಳೆದಾಗಲೇ ಅಕ್ಷರ ಎದ್ದು ನಿಲ್ಲೋದು. ಇದನ್ನು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ!

ಇನ್ನೊಂದು ವಿಷಯ ಹೇಳಬೇಕು. ಎಷ್ಟೋ ಪುಸ್ತಕಗಳಲ್ಲಿ ಬರೆಯುವವರು ಬೇರೆ, ಬಣ್ಣ ಹಚ್ಚುವವರು ಬೇರೆ. ಬರೆಯುವವರು ದೊಡ್ಡ ಅಕ್ಷರದ ಜಾಗ ಖಾಲಿ ಬಿಟ್ಟು, ಅಲ್ಲಿ ಯಾವ ಅಕ್ಷರ ಬರಬೇಕು ಅಂತ ಚಿಕ್ಕದಾಗಿ ಗುರುತು ಹಾಕುತ್ತಿದ್ದರು. ಬಣ್ಣ ಹಚ್ಚುವವರು ಬರಲೇ ಇಲ್ಲದ ಪುಸ್ತಕಗಳೂ ಇವೆ. ಆ ಖಾಲಿ ಜಾಗ, ಮಧ್ಯದಲ್ಲಿ ಆ ಸಣ್ಣ ಗುರುತು, ಇಷ್ಟು ನೂರು ವರ್ಷದಿಂದ ಹಾಗೇ ಕಾಯುತ್ತಿವೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

1450ರ ದಶಕದಲ್ಲಿ ಜರ್ಮನಿಯಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚಾಯಿತು, ಸುಮಾರು 180 ಪ್ರತಿ. ಅದರಲ್ಲೂ ಮೊದಲಕ್ಷರಗಳ ಜಾಗ ಖಾಲಿಯೇ. ಕೊಂಡವರು ತಮ್ಮೂರಿನ ಕೈಕೆಲಸದವರ ಹತ್ತಿರ ತುಂಬಿಸಿಕೊಳ್ಳುತ್ತಿದ್ದರು. ಅದಕ್ಕೇ ಆ ಬೈಬಲ್‌ಗಳು ಒಂದರಂತೆ ಒಂದಿಲ್ಲ. ಆಮೇಲೆ ನಿಧಾನವಾಗಿ ಆ ಅಕ್ಷರಗಳೂ ಅಚ್ಚಿಗೇ ಹೋದವು. ಇದನ್ನು ಕೇಳುವಾಗ ನನಗೆ ಫ್ಲೆಕ್ಸ್ ಬಂದ ವರ್ಷ ನೆನಪಾಯಿತು. ನೀವು ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿರಿ. ಅವತ್ತು ಯಾರೂ ಏನೂ ಮಾತಾಡಲಿಲ್ಲ. ನಾನು ಮಾತಾಡಬೇಕಿತ್ತು, ಅಪ್ಪ.

ಈಗ ನನ್ನದೊಂದು ಬೇಡಿಕೆ. ಕ್ಲಾಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ಅಕ್ಷರ ಪೂರ್ತಿ ಮಾಡಬೇಕು. ಉಳಿದವರೆಲ್ಲ ಇಂಗ್ಲಿಷ್ ಅಕ್ಷರ ಆರಿಸಿಕೊಂಡಿದ್ದಾರೆ. ನಾನು 'ಅ' ಅಂದಿದ್ದೇನೆ. ಆದರೆ ನನ್ನ ಕೈಗೆ ಅದರ ಹೊಟ್ಟೆಯ ಸುತ್ತು ಸರಿ ಬರುತ್ತಿಲ್ಲ, ಬಾಲ ಸೊರಗುತ್ತದೆ. ಗಾಂಧಿ ಸರ್ಕಲ್ ಹತ್ತಿರದ ಕಿರಾಣಿ ಅಂಗಡಿಗೆ ನೀವು ಬರೆದಿದ್ದ 'ಅ' ಇತ್ತಲ್ಲ, ಅದು ಬೇಕು. ಅಟ್ಟದಿಂದ ಬ್ರಷ್ ಇಳಿಸಿ. ಎರಡು ದಿನ ನೆನೆಸಿದರೆ ಮೆತ್ತಗಾಗಬಹುದು. ಟ್ರೇಸಿಂಗ್ ಪೇಪರಿನ ಮೇಲೆ ಗೇಣುದ್ದ ಬರೆಯಿರಿ. ಒಳಗೆ ಏನೂ ತುಂಬಬೇಡಿ. ಎಲ್ಲಿ ಬಂಗಾರ ಬರಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಚಿಕ್ಕದಾಗಿ 'ಬಂ' ಅಂತ ಗುರುತು ಹಾಕಿ. ಉಳಿದ ಬಣ್ಣಗಳನ್ನೂ ನೀವೇ ಹೇಳಿ. ಮಡಚಬೇಡಿ, ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಹಾಕಿ ಕಳಿಸಲು ತಮ್ಮನಿಗೆ ಹೇಳಿ.

ನನ್ನ ಹತ್ತಿರ 25 ಹಾಳೆಯ ಬಂಗಾರದ ಪುಸ್ತಕದಲ್ಲಿ ಇನ್ನೂ 14 ಉಳಿದಿವೆ. ಹತ್ತನ್ನು ಯುಗಾದಿಗೆ ಬರುವಾಗ ನಿಮಗೆ ತರುತ್ತೇನೆ.

ನಿಮ್ಮ ಮಗಳು