ಸೆಸ್ ದೆಹಲಿಗೆ, ಬೂದಿ ನಮ್ಮೂರಿಗೆ

ಕೇಂದ್ರ ಹಣಕಾಸು ಸಚಿವರಾದ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರಗಳು.

ಮೇಡಂ, ನೀವು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದ. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಪಕ್ಕದ ಹಳ್ಳಿ ನಮ್ಮದು. ಊರಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ.

ಹೋದ ಬೇಸಿಗೆಯ ಮಾತು. ಮಗಳ ಮದುವೆಗೆ ಅಂತ ನಮ್ಮ ಮನೆಯಾಕೆ, ಅತ್ತಿಗೆ, ಓಣಿಯ ನಾಲ್ಕು ಹೆಂಗಸರು ನಸುಕಿನಲ್ಲೇ ಎದ್ದು ಶಾವಿಗೆ ಹೊಸೆದರು. ಮಾಳಿಗೆ ಮೇಲೆ ಕೋಲು ಕಟ್ಟಿ ಒಣಹಾಕಿದರು. ಮಧ್ಯಾಹ್ನ ಸ್ಥಾವರದ ಬೂದಿ ಹೊಂಡದ ಕಡೆಯಿಂದ ಗಾಳಿ ಎದ್ದಿತು. ಸಂಜೆ ನೋಡಿದರೆ ಶಾವಿಗೆಯೆಲ್ಲ ಮುದುಕಿಯ ಕೂದಲಿನ ಬಣ್ಣ. ದನಕ್ಕೆ ಹಾಕಿದರೆ ಅದೂ ಮೂಸಿ ಮುಖ ತಿರುಗಿಸಿತು. ಒಂದು ಹಿಡಿ ಪೊಟ್ಟಣ ಕಟ್ಟಿಕೊಂಡು ಸ್ಥಾವರದ ಕಚೇರಿಗೆ ಹೋದೆ. ಸಾಹೇಬರು ಬೆರಳಲ್ಲಿ ಒರೆಸಿ ನೋಡಿ, "ಇದು ನಮ್ಮ ಬೂದೀನೇ ಅಂತ ಏನ್ರೀ ಗ್ಯಾರಂಟಿ? ವಿಭೂತಿ ಅಂತ ತಿಳ್ಕೊಂಡು ಹಣೆಗೆ ಹಚ್ಕೊಳ್ರಿ" ಅಂದರು. ಸುತ್ತ ಕೂತವರೆಲ್ಲ ನಕ್ಕರು.

ಇದಕ್ಕೂ ನನಗೂ ಏನು ಸಂಬಂಧ ಅಂತೀರಾ? ಸೆಸ್ಸು, ಮೇಡಂ, ಕಲ್ಲಿದ್ದಲಿನ ಮೇಲೆ ಕೇಂದ್ರ ಹಾಕಿದ ವಿಶೇಷ ತೆರಿಗೆ. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಇದ್ದದ್ದು 2016ಕ್ಕೆ 400 ಆಯ್ತು. ಶುದ್ಧ ಇಂಧನಕ್ಕೆ ಅಂತ ಹೇಳಿ ಎತ್ತಿದ ದುಡ್ಡು. ಹೆಸರು ಏನೇ ಇರಲಿ, ಇಂಗಾಲದ ತೆರಿಗೆ ಅಂದರೆ ಇದೇ ಅಲ್ವಾ? ಇಂಧನದ ಖರ್ಚು ಕೊನೆಗೆ ಬಂದು ಕೂರುವುದು ಕರೆಂಟ್ ಬಿಲ್ಲಿನಲ್ಲಿ. ಗಣಿಯಲ್ಲಿ ಹಾಕಿದ ತೆರಿಗೆ ನನ್ನ ಗಿರಣಿ ದಾಟಿ ಊರಿನ ರೊಟ್ಟಿ ತನಕ ಬಂತು. ದುಡ್ಡು ಮಾತ್ರ ಈ ಕಡೆ ತಲೆ ಹಾಕಲಿಲ್ಲ.

2017-18ರ ತನಕ ಕೂಡಿದ್ದು 86,440 ಕೋಟಿ. ಶುದ್ಧ ಇಂಧನ ನಿಧಿಗೆ ಹೋಗಿದ್ದು ಮೂರರಲ್ಲಿ ಒಂದು ಪಾಲು. ಯೋಜನೆಗಳಿಗೆ ಸಿಕ್ಕಿದ್ದು 16 ಸಾವಿರ ಕೋಟಿಗೂ ಕಮ್ಮಿ. 2017ರಿಂದ ಆ ಸೆಸ್, ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟ ತುಂಬುವ ಪರಿಹಾರದ ಪಾಲಾಯ್ತು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿಸಿದಿರಿ. ಈಗ ಈ ದುಡ್ಡು ಯಾವುದಕ್ಕೆ ಅಂತ ಕೇಳೋಕೂ ಜಾಗ ಇಲ್ಲ.

ಯುರೋಪಿನವರು 2026ರ ಜನವರಿಯಿಂದ ನಮ್ಮ ಉಕ್ಕಿಗೆ, ಅಲ್ಯೂಮಿನಿಯಂಗೆ ಗಡಿಯಲ್ಲೇ, ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಶುಲ್ಕದ ಲೆಕ್ಕ ಹಾಕುತ್ತಿದ್ದಾರೆ. ಅದು ಏಕಪಕ್ಷೀಯ ಅಂತ ನೀವೇ ಆಕ್ಷೇಪ ಎತ್ತಿದಿರಿ. ಒಪ್ಪಿದೆ. ಆದರೆ ಇಲ್ಲಿ ನಮ್ಮ ಜೊತೆ ಆಗಿದ್ದೇನು ಉಭಯಪಕ್ಷೀಯವೇ?

ನಮ್ಮ ದೇಶದ ಕಲ್ಲಿದ್ದಲು ಒಂದು ಟನ್ ಸುಟ್ಟರೆ ಮೂರು-ನಾಲ್ಕು ಕ್ವಿಂಟಾಲ್ ಬೂದಿ. ಸೆಸ್ ಇದ್ದಾಗ ನಾಲ್ಕು ನೂರು ರೂಪಾಯಿ ನಿಮಗೆ, ನಾಲ್ಕು ಕ್ವಿಂಟಾಲ್ ನಮಗೆ! ಗಣಿ ಊರುಗಳಿಗೆ 2015ರಿಂದ ಗಣಿಯವರ ದುಡ್ಡಿನಲ್ಲಿ ಊರಿನ ಕೆಲಸ ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಬೂದಿ ಊರುಗಳಿಗೆ? ನಿಯಮ ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಕೇಳುವುದು ಒಂದೇ. ಕಲ್ಲಿದ್ದಲಿನ ತೆರಿಗೆಯಲ್ಲಿ ಬೂದಿ ಬೀಳುವ ಊರಿಗೆ ಪಾಲು ಕೊಡಿ. ಇಷ್ಟು ವರ್ಷದ್ದು ಬೇಡ, ಇನ್ನು ಮುಂದಿನದಾದರೂ ಕೊಡಿ.

ಆ ಶಾವಿಗೆ ಪೊಟ್ಟಣ ಗಿರಣಿಯ ಗೋಡೆ ಮೊಳೆಗೆ ಇನ್ನೂ ನೇತಾಡುತ್ತಿದೆ. ಗ್ಯಾರಂಟಿ ಬೇಕಿದ್ದರೆ ದೆಹಲಿಗೆ ಕಳಿಸುತ್ತೇನೆ, ಪರೀಕ್ಷೆ ಮಾಡಿಸಿ. ಪಾಲು ಮಾತ್ರ ಕೊಡಿ.

ಇಂತಿ,
ಗಿರಣಿಯವನು